ಮಾಳಿಗೆ ಏರಿಸುವ ಮೊದಲು ಕೆಳಗೆ ಅಗೆದು ನೋಡಿ ಮಾರಾಯ್ರೆ

ಇವತ್ತು ಕಾಸರಗೋಡಿನ ಉಪ್ಪಳದಲ್ಲಿ ಭಾವನ ಅಂಗಡಿ ಕಟ್ಟಡ ನೋಡ್ಲಿಕ್ಕೆ ಹೋಗಿ ಮಂಡೆಬಿಸಿ ಮಾಡಿಕೊಂಡು ಬಂದೆ. ಹೈವೇ ಆರು ಲೇನ್ ಆದದ್ದೇ ಆದದ್ದು, ರಸ್ತೆ ಬದಿ ಉಳಿದವರಿಗೆಲ್ಲ ಮೇಲೊಂದು ಮಾಳಿಗೆ ಏರಿಸುವ ಹುಚ್ಚು. ಏರಿಸ್ಲಿ, ಬೇಡ ಹೇಳಿದ್ದು ಯಾರು? ಆದ್ರೆ ಭಾವ ಮೊದಲು ತೋರಿಸಿದ್ದು ಎಂತದು ಗೊತ್ತುಂಟಾ, ತ್ರೀಡಿ ಎಲಿವೇಶನ್, ಕಟ್ಟಡ ಎದುರಿನಿಂದ ಹೇಗೆ ಕಾಣ್ತದೆ ಅಂತ ಕಂಪ್ಯೂಟರಲ್ಲಿ ಮಾಡಿದ ಚಿತ್ರ! ಹಗಲಿನದ್ದೊಂದು, ರಾತ್ರಿ ಲೈಟ್ ಹಾಕಿದ್ದೊಂದು, ಎದುರಿಗೆ ಕೆಂಪು ಕಾರು ಬೇರೆ. "ಪಿಲ್ಲರಿನ ಅಡಿಪಾಯ, ಈ ಫೂಟಿಂಗ್ ಎಷ್ಟು ಆಳ ಉಂಟು ಭಾವ?" ಕೇಳಿದ್ದಕ್ಕೆ "ಅಪ್ಪ ಕಟ್ಟಿಸಿದ್ದು, ಗಟ್ಟಿ ಉಂಟು, ಟೆರೇಸಲ್ಲಿ ಕಂಬಿ ಬಿಟ್ಟದ್ದು ಕಾಣುದಿಲ್ವಾ?" ಅಂತೆ.

ಕಂಡಿತು. ನಮ್ಮ ಮಳೆಗೆ ತುಕ್ಕು ಹಿಡಿದು ಪದರ ಪದರ ಎದ್ದಿದೆ, ಉಜ್ಜಿದ್ರೆ ಕೈಗೆ ಬರ್ತದೆ. ಕಂಬಿ ಬಿಟ್ಟ ಮಾತ್ರಕ್ಕೆ ಕೆಳಗಿನ ಫೂಟಿಂಗ್ ಇನ್ನೊಂದು ಸ್ಲಾಬ್ ಹೊರ್ತದೆ ಅಂತ ಯಾರು ಬರೆದು ಕೊಟ್ಟದ್ದು?

ನಾನು ದಿನಾ ಎಸ್ಟಿಮೇಟ್ ಬರೆಯುವ ಪ್ರಾಣಿ, ನಿಮಗೆ ಗೊತ್ತುಂಟು. ಹಳೆ ಕಟ್ಟಡಕ್ಕೆ ಸೇರಿಸುದಾದ್ರೆ ಮೊದಲ ದುಡ್ಡು ಹೋಗಬೇಕಾದ್ದು ಪರೀಕ್ಷೆಗೆ, ಒಂದೆರಡು ಪಿಲ್ಲರ್ ಬದಿ ಅಗೆದು ಫೂಟಿಂಗ್ ಅಳೆಯುದು, ರಿಬೌಂಡ್ ಹ್ಯಾಮರ್ ಹೊಡೆದು ಅದು ಎಷ್ಟು ಪುಟಿಯುತ್ತದೆ ಅಂತ ಕಾಂಕ್ರೀಟಿನ ಗಟ್ಟಿತನ ನೋಡುದು, ಸಂಶಯ ಬಂದ್ರೆ ಪರೀಕ್ಷೆಗೆ ಕಾಂಕ್ರೀಟಿನ ತುಂಡು (ಕೋರ್) ಕೊರೆದು ತೆಗೆಸುದು, ಆಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಹೇಳ್ಬೇಕು ಸ್ಲಾಬಾ, ಇಲ್ಲ ಹಗುರದ ಸ್ಟೀಲ್ ಚೌಕಟ್ಟಿನ ಮಾಡಾ (ಟ್ರಸ್) ಅಂತ. ಕೇರಳದ 2019ರ ಪಂಚಾಯತ್ ಬಿಲ್ಡಿಂಗ್ ರೂಲ್ಸ್ ಪ್ರಕಾರ ಪಾರ್ಕಿಂಗ್, ಸುತ್ತ ಖಾಲಿ ಬಿಡ್ಬೇಕಾದ ಜಾಗ (ಸೆಟ್‌ಬ್ಯಾಕ್) ಸರಿ ಹೋಗ್ತದಾ ಅಂತಲೂ ಆಗಲೇ ಕೇಳ್ಬೇಕು. ಇಲ್ಲದಿದ್ರೆ ಬರೆಸಿದ ಡ್ರಾಯಿಂಗೆಲ್ಲ ರದ್ದಿ, ಪುನಃ ಬರೆಸ್ಬೇಕು, ಪುನಃ ಫೀಸು.

ಡ್ರಾಯಿಂಗ್ ಬರೆಯುವವರ ಫೀಸಿನ ಕಥೆ ಕೇಳಿ. ಕಟ್ಟುವ ಖರ್ಚಿನ 5 ಪರ್ಸೆಂಟ್ ಅಂತೆ. 60 ಲಕ್ಷಕ್ಕೆ 3 ಲಕ್ಷ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 54,000. ಖರ್ಚು 75 ಲಕ್ಷ ಆದ್ರೆ ಫೀಸು 3.75 ಲಕ್ಷ! ಹಾಗಿರುವಾಗ ಎದುರಿಗೆ ಅಷ್ಟು ಗಾಜು ಬೇಡ ಅಂತ ಅವರು ಯಾಕೆ ಹೇಳ್ತಾರೆ? ಪರ್ಸೆಂಟ್ ಬದಲು ಹಂತಕ್ಕೆ ಇಷ್ಟು ಅಂತ ಮೊತ್ತ ಬರೆಸಿಕೊಳ್ಳಿ, ಎಷ್ಟು ಸಲ ತಿದ್ದಿ ಕೊಡ್ತಾರೆ ಅಂತಲೂ ಬರೆಸಿ. ಮತ್ತೆ ನೀವೂ ವಾರಕ್ಕೊಂದು ಮನಸ್ಸು ಮಾಡ್ಬೇಡಿ.

"ಚಂದ ಇದ್ರೆ ಬಾಡಿಗೆ ಜಾಸ್ತಿ ಬರ್ತದೆ" ಅಂದ್ಳು ಅಕ್ಕ. ಪಿಲ್ಲರ್ ಬಿರುಕು ಬಿಟ್ಟ ಅಂಗಡಿಗೆ ಅಡ್ವಾನ್ಸ್ ಎಷ್ಟು ಕೊಡ್ತಾರೆ ಕೇಳಿದೆ, ಚಾ ತರ್ಲಿಕ್ಕೆ ಒಳಗೆ ಹೋದ್ಳು. (ಆ ರಾತ್ರಿ ಲೈಟಿನ ಚಿತ್ರ ಚಂದ ಉಂಟು, ಸುಳ್ಳು ಯಾಕೆ ಹೇಳುದು, ನಾನೂ ಝೂಮ್ ಮಾಡಿ ನೋಡಿದೆ.)

ಭಾವ ಈಗ ಫೋನ್ ಎತ್ತುದಿಲ್ಲ. ಮಳೆ ಜೋರಾಗುವ ಮೊದಲು ಪಿಲ್ಲರ್ ಬದಿ ಅಗೆಯಲಿಕ್ಕೆ ಇಬ್ಬರು ಆಳು ಬೇಕು, ಕುಂಬಳೆ ಕಡೆ ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಕೂಲಿ ಭಾವನೇ ಕೊಡ್ತಾರೆ, ಅವರಿಗೆ ಇನ್ನೂ ಹೇಳ್ಲಿಲ್ಲ ಅಷ್ಟೆ.