ಮೂರೆಲೆ ಕರಿಬೇವು, ಅರವತ್ತನೇ ಲೆವೆಲ್

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ಒಲೆ ಹಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ. ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು, ಪುಂಡಿಪಲ್ಯೆ ಕುದಿಸಿಟ್ಟು, ಅವ್ವಂದಿರು ಪಡಸಾಲೆಯ ತಣ್ಣನೆ ಬಂಡೆಯ ಮೇಲೆ ಅಡ್ಡಾಗಿರುತ್ತಾರೆ. ಅದೇ ಮನೆಯ ಒಳಕೋಣೆಯಲ್ಲಿ, ತಿರುಗಿಯೂ ಗಾಳಿ ಕೊಡದ ಫ್ಯಾನಿನ ಕೆಳಗೆ, ಒಬ್ಬ ಬಾಣಸಿಗ ಎಡೆಬಿಡದೆ ಶಾರ್ಕ್ ಬೇಯಿಸುತ್ತಿರುತ್ತಾನೆ. ಊಟಕ್ಕೆ ಕರೆದರೆ, "ತಡಿಯವ್ವಾ, ಇನ್ನ ಇಪ್ಪತ್ತು ಮೀನದಾವು" ಅನ್ನುತ್ತಾನೆ.

ಆಟದ ಹೆಸರು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತಯಾರಾದದ್ದು. 2013ರಲ್ಲಿ ಶುರುವಾಗಿ 2018ರಲ್ಲಿ ಮೊಬೈಲಿಗೂ ಇಳಿಯಿತು. ಅದರಲ್ಲಿ ಅಡುಗೆ ಒಂದು ವಿದ್ಯೆ: 1ರಿಂದ 99ರವರೆಗೆ ಲೆವೆಲ್, ತುದಿ ಮುಟ್ಟಲು 1,30,34,431 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಅರ್ಧ ದಾರಿ ಬರುವುದು 50ಕ್ಕಲ್ಲ, 92ಕ್ಕೆ. ನಮ್ಮ ಮೇಲ್ಸೇತುವೆ ಕಾಮಗಾರಿಗಳೂ ಇದೇ ಲೆಕ್ಕದಲ್ಲಿ ನಡೆಯುವುದರಿಂದ ಇಲ್ಲಿನ ಹುಡುಗರಿಗೆ ಇದು ವಿಚಿತ್ರ ಅನಿಸುವುದಿಲ್ಲ.

ಮೊದಲ ಪಾಠ ನೋಡಿ. ಲಂಬ್ರಿಜ್ ಕೋಟೆಯಲ್ಲಿ ದೊರೆಯ ಹುಟ್ಟುಹಬ್ಬ. ಅರಮನೆಯ ಅಡುಗೆಯವನು ಕೇಕ್ ಮಾಡಬೇಕು. ಅರಮನೆಯಲ್ಲಿ ಮೊಟ್ಟೆಯಿಲ್ಲ, ಹಾಲಿಲ್ಲ, ಹಿಟ್ಟಿಲ್ಲ. ದಾರಿಹೋಕರಾದ ನೀವು ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಗಡಿಗೆ ಹಿಟ್ಟು ತಂದುಕೊಡಬೇಕು. ಕೊಟ್ಟ ಕೂಡಲೇ ಅಡುಗೆ ಲೆಕ್ಕಕ್ಕೆ 300 ಎಕ್ಸ್‌ಪಿ ಬಿದ್ದು, ಒಂದನೇ ಲೆವೆಲಿನವರು ನಾಲ್ಕಕ್ಕೆ ಏರುತ್ತೀರಿ. ಒಲೆ ಮುಂದೆ ಕೂತು ಹತ್ತು ಸೀಗಡಿ ಬೇಯಿಸಿದರೆ ಸಿಗುವಷ್ಟೇ. ಕೇಕ್ ಮಾಡುವವನು ಅವನು, ಅಡುಗೆ ಕಲಿತವರು ಕಿರಾಣಿ ತಂದ ನೀವು.

ನಗುವ ಹಕ್ಕು ನಮಗಿಲ್ಲ. ಪ್ರಸಾದದ ಪಂಕ್ತಿಯಲ್ಲಿ ಒಂದು ಸೌಟು ಎತ್ತಿ ಫೋಟೋ ತೆಗೆಸಿಕೊಂಡವರ ಮುಖ ಮರುದಿನ ಫ್ಲೆಕ್ಸಿನಲ್ಲಿ ಊರಗಲ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತದಲ್ಲ, ಅದನ್ನು ಬಡಿದ ಹೆಣ್ಣುಮಕ್ಕಳ ಹೈಸ್ಕೋರ್ ಪಟ್ಟಿಯನ್ನು ಯಾರೂ ಹಾಕಿಲ್ಲ. ಆಟದಲ್ಲಾದರೂ ಸೀಗಡಿ ಬೇಯಿಸಿದವನ ಹೆಸರು, ರ್‍ಯಾಂಕು, ಎಕ್ಸ್‌ಪಿ ಲೋಕಕ್ಕೆಲ್ಲ ಕಾಣುತ್ತದೆ.

ಹೊಸಬರು ಎಡವುವುದು ಹಿಟ್ಟಿನಲ್ಲಿ. ಹೊಲದಲ್ಲಿ ಗೋಧಿ ಕಿತ್ತು, ಗಾಳಿಗಿರಣಿಯ ತುದಿಯ ಅಂತಸ್ತಿಗೆ ಹತ್ತಿ, ಕಾಳು ಸುರಿಯುವ ಬಾಯಿಗೆ ಹಾಕಿ, ಪಕ್ಕದ ಹಿಡಿಕೆ ಎಳೆದು, ಮತ್ತೆ ನೆಲಕ್ಕಿಳಿದು ಖಾಲಿ ಗಡಿಗೆಯಲ್ಲಿ ಹಿಟ್ಟು ತುಂಬಿಕೊಳ್ಳಬೇಕು. ಹಿಡಿಕೆ ಎಳೆಯುವುದನ್ನು ಮರೆತರೆ ಕೆಳಗೆ ಹಿಟ್ಟೇ ಇಲ್ಲ. ಗಡಿಗೆ ಮರೆತರೆ ಹಿಟ್ಟಿದ್ದೂ ಕೈಗೆ ಬರುವುದಿಲ್ಲ. ಇವೆರಡನ್ನು ಬಿಟ್ಟರೆ ತೊಂದರೆಯಿಲ್ಲ: ಸರದಿಯಿಲ್ಲ, ಕಿಲೋ ಲೆಕ್ಕದ ಕೂಲಿಯಿಲ್ಲ, ಮುಂದಿನವರು ಮೆಣಸಿನಕಾಯಿ ಬೀಸಿಕೊಂಡು ಹೋದ ಮೇಲೆ ನಿಮ್ಮ ಹಿಟ್ಟು ಖಾರವಾಗುವ ಭಯವಿಲ್ಲ. ಹಿಟ್ಟಿಗೆ ನೀರು ಸೇರಿಸಿದರೆ ಒಂದೇ ಕ್ಲಿಕ್ಕಿಗೆ ಕಣಕ ಸಿದ್ಧ. ಬ್ರೆಡ್ಡಿಗೋ, ಪೇಸ್ಟ್ರಿಗೋ, ಪಿಜ್ಜಾಕ್ಕೋ, ಪಿಟ್ಟಾಕ್ಕೋ ಎಂದು ಕೇಳುತ್ತದೆ. ಜೋಳದ ಸುದ್ದಿಯೇ ಇಲ್ಲ. ಇರಬಾರದು ಕೂಡ. ಜೋಳದ ಹಿಟ್ಟಿಗೆ ತಣ್ಣೀರು ಹಾಕಿದರೆ ಜಿಗಿ ಬರುವುದಿಲ್ಲ. ಕುದಿಯುವ ಎಸರನ್ನೇ ಹೊಯ್ದು, ಬಿಸಿ ಇದ್ದಾಗಲೇ ನಾದಬೇಕು, ಇಲ್ಲವಾದರೆ ಬಡಿಯುವಾಗ ಅಂಚು ಸೀಳುತ್ತದೆ. ಅಂಚು ಸೀಳದಂತೆ ಬಡಿಯುವುದನ್ನು ಆಟದೊಳಗೆ ತಂದರೆ ಇಡೀ ಜಗತ್ತೇ ಒಂದನೇ ಲೆವೆಲಿನಲ್ಲಿ ಕೂತುಬಿಡುತ್ತದೆ.

ಮುಂದಿನ ಮೆಟ್ಟಿಲುಗಳು ಮೀನಿನವು. ಸೀಗಡಿಗೆ 30 ಎಕ್ಸ್‌ಪಿ, 15ನೇ ಲೆವೆಲಿಗೆ ಟ್ರೌಟ್ 70, 25ಕ್ಕೆ ಸಾಲ್ಮನ್ 90, 40ಕ್ಕೆ ಲಾಬ್‌ಸ್ಟರ್ 120, 80ಕ್ಕೆ ಶಾರ್ಕ್ 210. ಮುನಿರಾಬಾದಿನ ಡ್ಯಾಮಿನ ಮೀನು ಬಿಟ್ಟರೆ ಬೇರೆ ಕಾಣದ ಹುಡುಗ ಲಾಬ್‌ಸ್ಟರ್ ಎಷ್ಟನೇ ಲೆವೆಲಿಗೆ ಸೀಯುವುದು ನಿಲ್ಲುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲ: 74ಕ್ಕೆ. ಅಡುಗೆಯ ಕೈಗವಸು ಹಾಕಿದ್ದರೆ 64ಕ್ಕೇ. ಆ ಕೈಗವಸು ಅಂಗಡಿಯಲ್ಲಿ ಸಿಗುವುದಿಲ್ಲ, ಒಂದು ಮನೆತನದ ಲಾಂಛನ ಹುಡುಕಿಕೊಡುವ ಕೆಲಸ ಮುಗಿಸಬೇಕು. ಅದಕ್ಕೆ ಗಣಿ, ಕಮ್ಮಾರಿಕೆ, ಕುಸುರಿ ತಲಾ 40, ಮಂತ್ರವಿದ್ಯೆ 59 ಬೇಕು. ಒಲೆಯ ಮೇಲಿನ ಪಾತ್ರೆ ಇಳಿಸಲು ಸೆರಗಿನ ತುದಿ ಸಾಕು ಅನ್ನುವವರಿಗೆ ಇದರ ಘನತೆ ತಿಳಿಯುವುದಿಲ್ಲ.

ಒಲೆಯ ಆಯ್ಕೆಯಲ್ಲಿ ಮಾತ್ರ ಆಟ ಸತ್ಯ ಹೇಳುತ್ತದೆ. ಕಟ್ಟಿಗೆ ಉರಿಯಲ್ಲಿ ಹೆಚ್ಚು ಸೀಯುತ್ತದೆ, ಕಟ್ಟಿದ ಒಲೆಯಲ್ಲಿ ಕಡಿಮೆ. ಒಂದು ಮೀನಿಗೆ 2.4 ಸೆಕೆಂಡು, ಚೀಲದಲ್ಲಿ 28 ಜಾಗ, ಅಂದರೆ ಒಂದು ಹೊರೆಗೆ 67 ಸೆಕೆಂಡು. ಕಟ್ಟಿಗೆ ಹಚ್ಚಿದವರ ಬೆಂಕಿ ನಡುವೆಯೇ ಬೂದಿಯಾಗಿ ಅರ್ಧ ಮೀನು ಹಸಿಯಾಗಿ ಉಳಿಯುವುದೂ ಉಂಟು. ಹಾಗಾಗಿ ಸಾಮಾನು ಕೂಡಿಡುವ ಬ್ಯಾಂಕಿನ ಪಕ್ಕದ ಒಲೆ ಹುಡುಕುವುದೇ ಜಾಣತನ. ರುಚಿ ನೋಡಿ ಒಲೆ ಆರಿಸಿದವರು ಯಾರೂ ಇಲ್ಲ. ಆಟದಲ್ಲಿ ಉಪ್ಪು ಹದ ನೋಡುವ ಹಂತವೇ ಇಲ್ಲ.

ಈಗ ಕರಿ ಎಂಬ ಸಾರಿನ ಕಡೆ ಬರೋಣ. ಬಟ್ಟಲು ನೀರಿಗೆ ಒಂದು ಆಲೂಗಡ್ಡೆ, ಒಂದು ಬೆಂದ ಮಾಂಸದ ತುಂಡು ಹಾಕಿದರೆ ಸ್ಟ್ಯೂ. ಅದಕ್ಕೆ 25ನೇ ಲೆವೆಲ್ ಸಾಕು. ಅದೇ ಬೇಯದ ಸ್ಟ್ಯೂಗೆ ಮೂರು ಕರಿಬೇವಿನೆಲೆ ಉದುರಿಸಿ ಒಲೆಗಿಟ್ಟರೆ ಕರಿ, ಅದಕ್ಕೆ ಬೇಕು 60. ಕರಿಬೇವಿನ ಗಿಡ ಬೆಳೆಸುವುದು ಮತ್ತೆ ಬೇರೆ ವಿದ್ಯೆ. ಎರಡಕ್ಕೂ ನಡುವಿನ ಅಂತರ 35 ಲೆವೆಲ್, ಸಾಮಾನಿನ ಅಂತರ ಮೂರು ಎಲೆ. ಇಲ್ಲಿ ಸಂತೆಯಲ್ಲಿ ಹತ್ತು ರೂಪಾಯಿ ಕೊತ್ತಂಬರಿ ಕೊಂಡರೆ ಕಾಯಿಪಲ್ಯೆಯಾಕೆ ಕರಿಬೇವಿನ ಟೊಂಗೆಯನ್ನೇ ಪುಕ್ಕಟೆ ಚೀಲಕ್ಕೆ ತುರುಕುತ್ತಾಳೆ. ಬಳ್ಳಾರಿಯ ಬೆಳಗಿನ ಬಂಡಿಯಲ್ಲಿ ಒಗ್ಗರಣಿ-ಮಿರ್ಚಿ ಮಾಡುವವನು, ತೊಯ್ದ ಮಂಡಕ್ಕಿ ಹಿಂಡುವ ಕೈಯಲ್ಲೇ ಎಣ್ಣೆಗೆ ಹಿಡಿ ಕರಿಬೇವು ಎಸೆಯುತ್ತಾನೆ. ಕೇಂಬ್ರಿಜ್ ಲೆಕ್ಕದಲ್ಲಿ ಅವನ ಲೆವೆಲ್ ಎಷ್ಟಾಗಬಹುದು ಎಂದು ಗುಣಾಕಾರ ಮಾಡಲು ಹೋಗಬೇಡಿ, 99ರ ಮೇಲೆ ಅಂಕಿ ಇಟ್ಟಿಲ್ಲ.

ಅವಸರ ಇದ್ದವರು ಕರಿಗೂ ಕಾಯುವುದಿಲ್ಲ, 35ಕ್ಕೇ ವೈನಿಗೆ ಇಳಿಯುತ್ತಾರೆ. ಹೂಜಿ ನೀರು, ದ್ರಾಕ್ಷಿ. ಚೀಲಕ್ಕೆ ಹದಿನಾಲ್ಕು ಹದಿನಾಲ್ಕು. ಕೊನೆಯ ಹೂಜಿ ಕಲಸಿ ಹನ್ನೆರಡು ಸೆಕೆಂಡಿಗೆ ಎಲ್ಲವೂ ಒಟ್ಟಿಗೆ ಹುಳಿತು ತಲಾ 200 ಎಕ್ಸ್‌ಪಿ ಬರುತ್ತದೆ. ಒಂದೇ ಎಚ್ಚರಿಕೆ: 68ನೇ ಲೆವೆಲಿನವರೆಗೆ ಕೆಲವು ಹೂಜಿ ಕೆಡುತ್ತವೆ, ಕೆಟ್ಟದ್ದಕ್ಕೆ ಎಕ್ಸ್‌ಪಿ ಸೊನ್ನೆ. ಒಂದೂ ಕೆಡದಿದ್ದರೂ 99 ಮುಟ್ಟಲು 65,061 ಹೂಜಿ, ಬ್ಯಾಂಕಿಗೆ 4,648 ಸಲ ಕೈ. ಕೊಪ್ಪಳದ ದ್ರಾಕ್ಷಿ ಬೆಳೆಗಾರ ಮಳೆಗೆ, ರೋಗಕ್ಕೆ, ದಲ್ಲಾಳಿಗೆ ಹೆದರಿ ನಿದ್ದೆಗೆಟ್ಟಿರುವಾಗ ಪಕ್ಕದ ಕೋಣೆಯ ಮಗ ರಾತ್ರಿಯಿಡೀ ಹೂಜಿ ಮೇಲೆ ಹೂಜಿ ಇಳಿಸುತ್ತಿರುತ್ತಾನೆ, ಅದೂ ಅಬಕಾರಿ ಲೈಸೆನ್ಸ್ ಇಲ್ಲದೆ.

ಇಷ್ಟೆಲ್ಲ ಹೇಳಿದ ಮೇಲೂ ಆಟದ ಪರ ಒಂದು ಮಾತು ಆಡಲೇಬೇಕು. ಸೀದ ಮೀನಿಗೆ ಅದು ಎಕ್ಸ್‌ಪಿ ಕೊಡುವುದಿಲ್ಲ. ನಮ್ಮಲ್ಲಿ ಮೂರು ತಿಂಗಳ ಅಡುಗೆ ತರಬೇತಿ ಎಂದು ಬೋರ್ಡು ಹಾಕಿದ ಕಡೆ ಹಾಜರಿ ಪುಸ್ತಕದ ಸಹಿಯೇ ಎಕ್ಸ್‌ಪಿ. ಸಿಲಿಂಡರ್ ಬರುವುದರೊಳಗೆ ಸರ್ಟಿಫಿಕೇಟ್ ಬಂದಿರುತ್ತದೆ. ಉದ್ಘಾಟನೆಯ ದಿನ ಅತಿಥಿಗಳ ತಲೆಗೆಲ್ಲ ಬಿಳಿ ಟೋಪಿ. ಆಟದಲ್ಲೂ ವ್ಯಾರಕ್ ಊರಿನ ಬಾಣಸಿಗರ ಸಂಘದ ಬಾಗಿಲಲ್ಲಿ ಟೋಪಿ ನೋಡುತ್ತಾರೆ ನಿಜ, ಆದರೆ ಜೊತೆಗೆ 32ನೇ ಲೆವೆಲನ್ನೂ ಕೇಳುತ್ತಾರೆ. ಟೋಪಿ ಒಂದನ್ನೇ ನೋಡಿ ಒಳಗೆ ಬಿಡುವ ಸುಧಾರಣೆ ಅಲ್ಲಿಗಿನ್ನೂ ತಲುಪಿಲ್ಲ.

ಅದೇ ಸಂಘದಲ್ಲಿ 99 ಮುಟ್ಟಿದವರಿಗೆ 99,000 ನಾಣ್ಯಕ್ಕೆ ಒಂದು ಮೇಲಂಗಿ ಮಾರುತ್ತಾರೆ. ಅದನ್ನು ತೊಟ್ಟರೆ ಏನು ಬೇಯಿಸಿದರೂ ಸೀಯುವುದಿಲ್ಲ. ಅಲ್ಲಿಯತನಕ ಮಾಮೂಲಿ ಒಲೆಯಲ್ಲಿ ಶಾರ್ಕ್ ಕೈಕೊಡುತ್ತಲೇ ಇರುತ್ತದೆ. ಕೈಗವಸಿದ್ದರೂ 94ರವರೆಗೆ ಭರವಸೆಯಿಲ್ಲ. 80ರಿಂದ ಶಾರ್ಕ್ ಒಂದನ್ನೇ ನಂಬಿದರೆ, ಒಂದೂ ಸೀಯದೆ 52,612 ಬೇಯಿಸಬೇಕು: ಒಲೆಯ ಮುಂದೆ ಬರೀ 35 ತಾಸು, ಬ್ಯಾಂಕಿನ ಓಡಾಟ ಬೇರೆ. ಮೇಲಂಗಿ ಚೀಲದಲ್ಲಿದ್ದರೆ ಕೆಲಸ ಮಾಡುವುದಿಲ್ಲ, ಮೈಮೇಲೆ ಇರಬೇಕು. ಬಹಳ ಮಂದಿ ತಪ್ಪುವುದು ಇಲ್ಲೇ.

ಸಂಜೆ ಐದಕ್ಕೆ ಅವ್ವ ಗ್ಯಾಸಿನ ಮೇಲೆ ಹಾಲಿಟ್ಟು, "ತಮ್ಮಾ, ಒಂದ್ ಚೂರು ಹಾಲ್ ನೋಡ್ಕೊಳ್ಳೋ, ಹಿತ್ತಲಾಗ ಬಟ್ಟಿ ತಗೊಂಡ್ ಬರ್ತೀನಿ" ಅಂತ ಹೊರಗೆ ಹೋಗುತ್ತಾಳೆ. ಮೊಬೈಲಿನಲ್ಲಿ ಆಗಷ್ಟೇ 28 ಶಾರ್ಕ್ ಒಲೆಗೇರಿವೆ, 67 ಸೆಕೆಂಡಿನ ಕೆಲಸ. ಅರವತ್ತನೇ ಸೆಕೆಂಡಿಗೆ ಹಾಲು ಉಕ್ಕಿ ಬರ್ನರ್ ಆರುತ್ತದೆ. ಶಾರ್ಕ್ ಒಂದೂ ಸೀದಿಲ್ಲ. ಒಲೆಯ ಮುಂದೆ ನಿಂತ 99ನೇ ಲೆವೆಲಿನವನ ಮೈಮೇಲೆ ಬರೀ ಬನಿಯನ್ನು.