‘ಕರೆಂಟ್ ಕೊಡತೇವಿ’ ಅಂದರು, ಚಿಗವ್ವ ಎದ್ದು ಊರಿಗೆ ಹೋದಳು

ನಮ್ಮ ಚಿಗವ್ವ ಶಿರಹಟ್ಟಿ ಕಡೆಯ ಹಳ್ಳಿಯವಳು. ಮುಟ್ಟು ನಿಂತು ಏಳೆಂಟು ವರ್ಷ ಆದ ಮೇಲೆ ಮತ್ತೆ ರಕ್ತ ಕಾಣಿಸಿತು. ಅದಕ್ಕೂ ಮೊದಲು ಬಹಳ ದಿನದಿಂದ ಬಿಳಿ ಹೋಗುತ್ತಿತ್ತಂತೆ, ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದಾಗ ಗರ್ಭಕೊರಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಡಾಕ್ಟರು ಅವಸರದಲ್ಲಿದ್ದರು, ಹೊರಗೆ ಪಾಳಿ ಬಾಗಿಲು ದಾಟಿ ನಿಂತಿತ್ತು. “ಗಾಬರಿ ಆಗಬ್ಯಾಡ್ರಿ, ಇಪ್ಪತ್ತೈದು ದಿನ ಕರೆಂಟ್ ಕೊಡತೇವಿ” ಅಂದರು.

ಚಿಗವ್ವ ಏನೂ ಮಾತಾಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದಳು. ಮರುದಿನ ನಸುಕಿನಲ್ಲಿ ಊರಿನ ಬಸ್ ಹತ್ತಿಬಿಟ್ಟಳು. ಎರಡು ತಿಂಗಳು ಯಾರು ಹೇಳಿದರೂ ಕೇಳಲಿಲ್ಲ. ರೊಕ್ಕದ ಚಿಂತಿ ಇರಬೇಕು ಅಂತ ನಾವು ತಿಳಿದಿದ್ದೆವು. ದೇವರ ಹೇಳಿಕೆ ಕೇಳಿದ್ದಾಳೆ ಅಂತ ಊರವರು ಮಾತಾಡಿಕೊಂಡರು. ಒಂದು ರಾತ್ರಿ ನಮ್ಮವ್ವನ ಮುಂದೆ ಬಾಯಿ ಬಿಟ್ಟಳು. ಆಕೆಯ ಮೈದುನ ಹೊಲದಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೋಗಿ ಕರೆಂಟ್ ಹೊಡೆದು ಸತ್ತಿದ್ದ. ಹೆಣ ಮನೆಗೆ ಬಂದಾಗ ಅವನ ಸುಟ್ಟ ಅಂಗೈ ತೊಳೆದವಳು ಇವಳೇ. “ಅಂವ ಒಂದ ಸಲಕ್ಕ ಹ್ವಾದ. ನನಗ ಇಪ್ಪತ್ತೈದು ದಿನ ಕೊಡತಾರಂತ, ಅಕ್ಕಾ.”

ನಮ್ಮ ಕಡೆ ರೇಡಿಯೇಶನ್ ಅಂದರೆ ಕರೆಂಟು. ವಾರ್ಡ್ ಬಾಯ್ ಹಾಗೇ ಅಂತಾನೆ, ನರ್ಸೂ ಹಾಗೇ ಅಂತಾರೆ, ರೋಗಿಗಳೂ ಹಾಗೇ. ತಿಳಿಯುವ ಮಾತಲ್ಲಿ ಹೇಳಬೇಕು ಅಂತಲೇ ಆ ಶಬ್ದ ಹುಟ್ಟಿದ್ದು, ಅದರಲ್ಲಿ ಕೆಟ್ಟ ಉದ್ದೇಶ ಇಲ್ಲ. ಆದರೆ ಆ ಮಶೀನಿನಿಂದ ಮೈಮೇಲೆ ಬೀಳುವುದು ಕರೆಂಟಲ್ಲ. ಎಕ್ಸ್‌ರೇ ಜಾತಿಯದೇ, ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ಕಿರಣ. ಕ್ಯಾನ್ಸರ್ ಕೋಶದ ಡಿಎನ್‌ಎ ಕಡಿದು ಅದು ಬೆಳೆಯದಂತೆ ಮಾಡುತ್ತದೆ. ಮೇಜಿನ ಮೇಲೆ ಅಲುಗಾಡದೆ ಮಲಗಬೇಕು, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಆ ಹೊತ್ತಿಗೆ ನೋವು ಇರುವುದಿಲ್ಲ. ದಿನ ಕಳೆದಂತೆ ದಣಿವು, ಭೇದಿ ಶುರುವಾಗುತ್ತವೆ, ಅದನ್ನೂ ಮುಚ್ಚಿಡಬಾರದು. ವಾರಕ್ಕೆ 5 ದಿನದಂತೆ 5 ವಾರ, ಹಾಗಾಗಿ 25. ಇಷ್ಟು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಸಿಗದೆ ನಮಗೆ ಎರಡು ತಿಂಗಳು ಹೋದವು.

ಕೊನೆಗೆ ಆ ಮಾತು ಹೇಳಿದ್ದು ಒಬ್ಬ ಹೆಣ್ಣುಮಗಳು. ನಮ್ಮವ್ವ ಚಿಗವ್ವನ ರಿಪೋರ್ಟ್ ತರಲು ಹೋದಾಗ ಆಕೆ ಆಸ್ಪತ್ರೆಯ ನಳದ ಹತ್ತಿರ ಬುತ್ತಿ ಡಬ್ಬಿ ತೊಳೆಯುತ್ತಿದ್ದಳು, ರೋಣದ ಕಡೆಯವಳು. ತನಗೂ ಅದೇ ಆಗಿತ್ತು ಅಂದಳು. ನಮ್ಮವ್ವ ಅಲ್ಲಿಂದಲೇ ಚಿಗವ್ವನಿಗೆ ಫೋನ್ ಹಚ್ಚಿ ಆಕೆಯ ಕೈಗೆ ಕೊಟ್ಟಳು. “ಕರೆಂಟ್ ಅಲ್ಲವಾ ಅದು. ಮಶೀನ ಗುಂಯ್ ಅಂತ ಮ್ಯಾಲ ತಿರಗತೈತಿ, ಅಷ್ಟ. ಸಂಜಿಗೆ ಪಲ್ಲೆ ಏನ್ ಮಾಡ್ಲಿ ಅಂತ ಚಿಂತಿ ಮಾಡಕೋತ ಮಲಕೊಂಡಿರತಿದ್ದೆ ನಾ.” ಎರಡನೇ ದಿನ ಚಿಗವ್ವ ಚೀಲ ತುಂಬಿಕೊಂಡು ಹೊಂಟು ನಿಂತಳು.

ಹೋದ ತಿಂಗಳು ಧಾರವಾಡದಲ್ಲಿ ಕ್ಯಾನ್ಸರ್ ಜಾಗೃತಿಯ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಅವತ್ತಿನಿಂದ ಇದನ್ನು ಬರೆಯಬೇಕು ಅಂತ ತಲೆಯಲ್ಲಿ ಕುಂತಿತ್ತು. ಮಾತಾಡಿದ ಡಾಕ್ಟರುಗಳೆಲ್ಲ ಕಳಕಳಿ ಇರುವವರೇ. ಆದರೆ ಸ್ಲೈಡುಗಳು ಇಂಗ್ಲಿಷಿನಲ್ಲಿದ್ದವು, ಮೂರು ತಾಸಿನಲ್ಲಿ ಕ್ಯಾನ್ಸರ್ ಉಂಡು ಬಂದವರು ಒಬ್ಬರೂ ಮಾತಾಡಲಿಲ್ಲ. ಕಡೆಗೆ ಹಿಂದಿನ ಸಾಲಿನಿಂದ ಒಬ್ಬ ಆಶಾ ಕಾರ್ಯಕರ್ತೆ ಎದ್ದರು. 30 ದಾಟಿದವರ ಮನೆಮನೆಗೆ ಹೋಗಿ ಅವರು ತುಂಬುವ ಫಾರ್ಮಿನಲ್ಲಿ ಬಿಳಿ ಹೋಗುವುದರ ಬಗ್ಗೆ, ಮುಟ್ಟು ನಿಂತ ಮೇಲೆ ರಕ್ತ ಹೋಗುವುದರ ಬಗ್ಗೆ ಪ್ರಶ್ನೆ ಇವೆ. “ಅತ್ತಿ, ಗಂಡ ಅಲ್ಲೇ ಕುಂತಿರತಾರ್ರಿ. ಅವರ ಮುಂದ ಇದನ್ನ ಹೆಂಗ ಕೇಳೂದು?” ಅಂದರು. ನನ್ನ ಪ್ರಕಾರ ಆ ದಿನದ ಅತಿ ದೊಡ್ಡ ಪ್ರಶ್ನೆ ಅದು. ಸಮಯದ ಅಭಾವ ಅಂತ ಹೇಳಿ ವಂದನಾರ್ಪಣೆ ಶುರು ಮಾಡಿದರು.

ಕ್ಯಾನ್ಸರ್ ಬಗ್ಗೆ ಹೇಗೆ ಮಾತಾಡಬೇಕು ಅನ್ನುವುದೇ ಒಂದು ಅಧ್ಯಯನ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಇದಕ್ಕಂತಲೇ ಸಂಶೋಧನಾ ಕೇಂದ್ರಗಳಿಗೆ ಹಣ ಕೊಟ್ಟಿತು. ಅದರಲ್ಲಿ ಸೇಂಟ್ ಲೂಯಿಸ್ ಊರಿನ ತಂಡದ ಒಂದು ಕೆಲಸ 2010ರಲ್ಲಿ ಪ್ರಕಟವಾಯಿತು. ಒಂದು ವ್ಯಾನಿನೊಳಗೆ 489 ಕಪ್ಪು ಮಹಿಳೆಯರಿಗೆ ಸ್ತನ ಕ್ಯಾನ್ಸರಿನ ವಿಡಿಯೋ ತೋರಿಸಿದರು. ಕೆಲವರಿಗೆ ಮಾಹಿತಿ ಹೇಳುವ ವಿಡಿಯೋ, ಉಳಿದವರಿಗೆ ಆ ರೋಗ ಗೆದ್ದು ಬಂದ ಹೆಣ್ಣುಮಕ್ಕಳು ತಮ್ಮ ಕಥೆ ತಾವೇ ಹೇಳುವ ವಿಡಿಯೋ. ಒಟ್ಟಾರೆ ನೋಡಿದರೆ ಆಮೇಲೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿದವರ ಲೆಕ್ಕದಲ್ಲಿ ಖಚಿತ ಅನ್ನುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಹೈಸ್ಕೂಲ್ ಮುಗಿಸದವರಲ್ಲಿ ಮಾಹಿತಿ ನೋಡಿದವರು ನೂರಕ್ಕೆ 32 ಮಂದಿ ಮಾಡಿಸಿದ್ದರೆ, ಕಥೆ ಕೇಳಿದವರು 65 ಮಂದಿ ಮಾಡಿಸಿದ್ದರು. ಓದಿದಾಗ ನನಗೆ ನಳದ ಹತ್ತಿರದ ಆ ರೋಣದ ಹೆಣ್ಣುಮಗಳೇ ನೆನಪಾದಳು.

ನಮ್ಮಲ್ಲಿ ಏನು ಕಡಿಮೆ ಇದೆ ಹೇಳಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕನ್ನಡ ಅಧ್ಯಯನ ಪೀಠ, ಪತ್ರಿಕೋದ್ಯಮ, ಸಮಾಜಕಾರ್ಯ ವಿಭಾಗ ಎಲ್ಲವೂ ಇವೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ, ಗದಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ. ಹುಬ್ಬಳ್ಳಿ ಕಡೆಯ ಚಿಗರಿ ಬಸ್ ಹತ್ತಿದರೆ ನವನಗರದ ಕ್ಯಾನ್ಸರ್ ಆಸ್ಪತ್ರೆ. ಇವರೆಲ್ಲ ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂಡಬೇಕು. ಮೊದಲ ಒಂದು ತಾಸು ರೋಗ ಉಂಡವರು ಮತ್ತು ಅವರ ಸಂಗಾಟ ಬಂದವರು ಮಾತಾಡಬೇಕು, ಡಾಕ್ಟರು ಕೇಳಬೇಕು. ಗಂಟು, ಗಡ್ಡಿ, ದೊಡ್ಡ ಜಡ್ಡು ಅಂತ ನಮ್ಮ ಮಂದಿ ಯಾವುದಕ್ಕೆ ಅಂತಾರೆ, ಯಾವ ಶಬ್ದ ಕೇಳಿ ಎದ್ದು ಹೋಗುತ್ತಾರೆ, ‘ಚಾಕು ಹಚ್ಚಿದ್ರ ಹಬ್ಬತೈತಿ’ ಅನ್ನುವ ಅಂಜಿಕೆಗೆ ಏನು ಹೇಳಿದರೆ ನಂಬುತ್ತಾರೆ, ಇದನ್ನೆಲ್ಲ ಬರೆದಿಡಬೇಕು. ಜಾನಪದ ಓದುವ ಹುಡುಗರು ಹಾಡು, ಒಗಟು ಸಂಗ್ರಹಿಸಿದಂತೆ ಇದನ್ನೂ ಸಂಗ್ರಹಿಸಲಿ. ಕರೆಂಟಿಗೆ ಬದಲಿ ಶಬ್ದ ಯಾವುದು ಅಂತ ಹುಡುಕಲಿ. ನನಗೆ ‘ಬೆಳಕು ಹಾಕೂದು’ ಅನ್ನಬಹುದು ಅನಿಸುತ್ತದೆ. ಆದರೆ ಅದನ್ನು ತೀರ್ಮಾನಿಸಬೇಕಾದವಳು ಮೇಜಿನ ಮೇಲೆ ಮಲಗುವವಳು.

ಎರಡು ವಿಭಾಗಗಳಿಗೆ ಪತ್ರ ಬರೆದು ಇಟ್ಟಿದ್ದೇನೆ, ಈ ವಾರ ಕೈಯಾರೆ ಕೊಟ್ಟು ಬರುತ್ತೇನೆ. ಮೊದಲ ಸಭೆಗೆ ಬಂದು ಮಾತಾಡುತ್ತೀಯೇನು ಅಂತ ಚಿಗವ್ವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬರತೀನಿ. ಸಂತಿ ದಿನ ಇಡಬ್ಯಾಡ ಅಂತ ಹೇಳ. ಮತ್ತ ಆ ರೋಣದಾಕಿನ್ನೂ ಕರೀರಿ” ಅಂದಳು.