ಫುಟ್‌ಬಾಲ್ ವಿಜ್ಞಾನ ಓದಿದವರು ಮೊದಲು ಮಕ್ಕಳ ಗ್ರೌಂಡಿಗೆ ಬರಲಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಬರೋ ಮೆಸೇಜುಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಮೇಡಂ, ಮಗನಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಮಾತಿಲ್ಲ. ಸ್ಪೋರ್ಟ್ಸ್ ಸೈನ್ಸ್ ಓದ್ತೀನಿ ಅಂತ ಹಟ ಹಿಡಿದಿದ್ದಾನೆ. ಓದಿಸಬಹುದಾ?" ಅದನ್ನೇ ಓದಿ, ಬೆಂಗಳೂರಿನ ಗ್ರೌಂಡುಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತಿರುವವಳಾಗಿ ಹೇಳುತ್ತೇನೆ: ಧಾರಾಳವಾಗಿ ಓದಿಸಿ. ಆದರೆ ಏನು ಓದಲು ಹೊರಟಿದ್ದಾನೆ ಅಂತ ಅವನಿಗೂ ಗೊತ್ತಿರಲಿ, ನಿಮಗೂ ಗೊತ್ತಿರಲಿ.

ಇದು ಆಟಗಾರನಾಗುವ ಕೋರ್ಸ್ ಅಲ್ಲ. ಕೋಚ್ ಆಗಬೇಕಾದರೆ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಲೈಸೆನ್ಸ್ ಬೇರೆ ಮಾಡಬೇಕು. ಫಿಸಿಯೋಥೆರಪಿ ಇನ್ನೊಂದು ಓದು. ಇಲ್ಲಿರುವುದು ಮೈಯ ರಚನೆ, ಉಸಿರು-ಹೃದಯ-ಸ್ನಾಯು ಕೆಲಸ ಮಾಡುವ ರೀತಿ, ಬಯೋಮೆಕ್ಯಾನಿಕ್ಸ್ (ಮೈಯ ಚಲನೆಯ ಲೆಕ್ಕಾಚಾರ), ಆಹಾರ, ಸ್ಟ್ಯಾಟಿಸ್ಟಿಕ್ಸ್. ಮಣಿಪಾಲದಲ್ಲಿ ಇದಕ್ಕೇ ಬಿಎಸ್‌ಸಿ ಇದೆ. ಹುಡುಗರು ಸ್ಟ್ಯಾಟಿಸ್ಟಿಕ್ಸ್ ಅಂದರೆ ಹೆದರುತ್ತಾರೆ. ನನ್ನ ದಿನನಿತ್ಯದ ಕೆಲಸಕ್ಕೆ ಜಾಸ್ತಿ ಬೇಕಾಗುವುದು ಅದೇ.

ಫುಟ್‌ಬಾಲನ್ನು ಹೀಗೆ ಲೆಕ್ಕ ಹಾಕಿ ನೋಡುವುದು ಹೊಸದೇನಲ್ಲ. 1976ರಲ್ಲೇ ಥಾಮಸ್ ರೈಲಿ ಅನ್ನುವವರು ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಇಂಗ್ಲೆಂಡಿನ ವೃತ್ತಿಪರ ಆಟಗಾರರು ಮ್ಯಾಚಿನಲ್ಲಿ ಎಷ್ಟು ನಡೆಯುತ್ತಾರೆ, ಎಷ್ಟು ಓಡುತ್ತಾರೆ ಅಂತ ಅಳೆದು ಪ್ರಕಟಿಸಿದ್ದರು. ಈಗ ನಮಗೆ ಗೊತ್ತಿರುವ ಹಾಗೆ ದೊಡ್ಡ ಮಟ್ಟದ ಆಟಗಾರ 90 ನಿಮಿಷದಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ಕ್ರಮಿಸುತ್ತಾನೆ. ಅದರಲ್ಲಿ ಬಹುಪಾಲು ನಡಿಗೆ ಮತ್ತು ನಿಧಾನದ ಓಟ. ಮಧ್ಯೆ ಮಧ್ಯೆ ಕೆಲವೇ ಸೆಕೆಂಡುಗಳ ಜೋರು ಓಟ, ತಕ್ಷಣ ನಿಲ್ಲುವುದು, ತಿರುಗುವುದು. ಹಾಗಿರುವಾಗ ಬೆಳಗ್ಗೆ ಆರು ಗಂಟೆಗೆ ಮಕ್ಕಳನ್ನು ಸುಮ್ನೆ ಗ್ರೌಂಡ್ ಸುತ್ತ ಹತ್ತು ರೌಂಡ್ ಓಡಿಸಿದರೆ ಆಟಕ್ಕೆ ಏನು ತಯಾರಿ ಆದಂತಾಯಿತು? ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೋ ಮಾಡಿದ ಯೋ-ಯೋ ಟೆಸ್ಟ್ ಆಟದ ಈ ಗುಣವನ್ನೇ ಹಿಡಿಯುತ್ತದೆ. 20 ಮೀಟರ್ ಹೋಗಿ ಬಾ, 10 ಸೆಕೆಂಡ್ ಸುಧಾರಿಸಿಕೋ, ಮತ್ತೆ ಓಡು. ಓಟಕ್ಕೆ ಸಮಯ ಹೇಳುವ ಬೀಪ್ ಮಾತ್ರ ಬೇಗ ಬೇಗ ಬರುತ್ತಾ ಹೋಗುತ್ತದೆ.

ಈ ಓದಿಗೆ ಸೇರುವ ಬಹಳಷ್ಟು ಹುಡುಗರ ಕಣ್ಣು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬಿನ ಮೇಲೆ. ಕಂಠೀರವದಲ್ಲಿ ಟ್ಯಾಬ್ಲೆಟ್ ಹಿಡಿದು ಬೆಂಚಿನ ಪಕ್ಕ ನಿಲ್ಲಬೇಕು ಅನ್ನುವ ಆಸೆ. ಆಸೆ ತಪ್ಪಲ್ಲ. ಆದರೆ ಅಲ್ಲಿರುವ ಕೆಲಸ ಬೆರಳೆಣಿಕೆಯಷ್ಟು, ಆ ಆಟಗಾರರನ್ನು ನೋಡಿಕೊಳ್ಳಲು ಆಗಲೇ ಜನ ಇದ್ದಾರೆ. ಯಾರೂ ಇಲ್ಲದಿರುವುದು 12ರಿಂದ 15 ವರ್ಷದ ಮಕ್ಕಳ ಹತ್ತಿರ.

ನಾನು ಪದೇ ಪದೇ ನೋಡುವ ಒಂದು ವಿಷಯ ಹೇಳುತ್ತೇನೆ. ಹದಿಮೂರು ವರ್ಷದ ಹುಡುಗ. ಪ್ರಾಕ್ಟೀಸ್ ಮುಗಿದ ಮೇಲೆ ಸಾಕ್ಸ್ ಇಳಿಸಿ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸುತ್ತಾನೆ. ಅಲ್ಲೊಂದು ಗಂಟು. ಮುಟ್ಟಿದರೆ ಹಲ್ಲು ಕಚ್ಚುತ್ತಾನೆ. ಮಂಡಿಯೂರಿ ಕೂರಲು ಆಗುವುದಿಲ್ಲ. ಗಂಡುಮಕ್ಕಳು ಸಾಮಾನ್ಯವಾಗಿ 13-14ರ ಹೊತ್ತಿಗೆ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಉದ್ದವಾಗುತ್ತಾರೆ. ಆಗ ಮೊಣಕಾಲಿನ ಕೆಳಗೆ ಮೂಳೆ ಬೆಳೆಯುವ ಜಾಗ ಇನ್ನೂ ಮೆತ್ತಗಿರುತ್ತದೆ. ಚೆಂಡು ಒದ್ದಾಗ, ಜಿಗಿದಾಗ, ಗಕ್ಕನೆ ನಿಂತಾಗ ತೊಡೆಯ ಸ್ನಾಯು ಅದೇ ಜಾಗವನ್ನು ಎಳೆಯುತ್ತದೆ. ಓಸ್‌ಗುಡ್-ಶ್ಲಾಟರ್ ಅಂತ ಇದರ ಹೆಸರು. ಒಮ್ಮೆ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಂಡರೆ ಹೆದರುವಂಥದ್ದೇನಿಲ್ಲ. ಆಟದ ಹೊರೆ ಇಳಿಸಿದರೆ, ಬೆಳವಣಿಗೆ ಮುಗಿಯುವ ಹೊತ್ತಿಗೆ ಬಹುತೇಕ ಮಕ್ಕಳಿಗೆ ಸರಿಹೋಗುತ್ತದೆ. ಆದರೆ ಹೊರೆ ಇಳಿಸುವವರು ಯಾರು? ಹುಡುಗ ಸ್ಕೂಲ್ ಟೀಮಿಗೂ ಆಡುತ್ತಾನೆ, ಅಕಾಡೆಮಿಗೂ ಹೋಗುತ್ತಾನೆ, ಭಾನುವಾರ ಅಪಾರ್ಟ್‌ಮೆಂಟ್ ಹುಡುಗರ ಜೊತೆ ಟರ್ಫಿಗೂ ಇಳಿಯುತ್ತಾನೆ. ಮೂರನ್ನೂ ಕೂಡಿಸಿ ನೋಡುವವರೇ ಇಲ್ಲ. "ನೋವು ತಿನ್ನದೆ ಪ್ಲೇಯರ್ ಆಗ್ತೀಯೇನೋ" ಅಂತ ಕೋಚ್ ಬೈದು ಇನ್ನೆರಡು ರೌಂಡ್ ಓಡಿಸುವುದನ್ನು ನೋಡಿ ಹೊಟ್ಟೆ ಉರಿದಿದೆ ನನಗೆ.

ಇದಕ್ಕೆ ದುಬಾರಿ ಮಿಷನ್ ಬೇಡ. ಗೋಡೆಗೊಂದು ಟೇಪು, ಒಂದು ನೋಟ್‌ಬುಕ್ ಸಾಕು. ಮೂರು ತಿಂಗಳಿಗೊಮ್ಮೆ ಎತ್ತರ ಬರೆದಿಡಿ. ವಾರಕ್ಕೆ ಎಷ್ಟು ಹೊತ್ತು ಆಡಿದ ಅಂತ ಬರೆದಿಡಿ. ಎತ್ತರ ದಿಢೀರನೆ ಏರಿದ ಮಗುವಿಗೆ ಜಿಗಿತ, ಓಟ ಎರಡನ್ನೂ ಕಡಿಮೆ ಮಾಡಿ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಅವರಿಗೆ ಕನಿಷ್ಠ ಎರಡು ಪಟ್ಟು. ಫಿಫಾದ '11+' ಅನ್ನುವ ವಾರ್ಮ್ ಅಪ್ ಇದೆ. ಸುಮಾರು 20 ನಿಮಿಷ, ಬಿಟ್ಟಿ ಸಿಗುತ್ತದೆ. ನಾರ್ವೆಯಲ್ಲಿ ಹದಿಹರೆಯದ ಹುಡುಗಿಯರ ಟೀಮುಗಳ ಮೇಲೆ ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು. ನಮ್ಮೂರಲ್ಲಿ ಯಾಕೆ ಮಾಡಲ್ಲ ಗೊತ್ತಾ? ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟ ಟರ್ಫಿನಲ್ಲಿ 20 ನಿಮಿಷ 'ವೇಸ್ಟ್' ಮಾಡಲು ಯಾರಿಗೂ ಮನಸ್ಸಿಲ್ಲ. ಹಾಗಾದರೆ ಅರ್ಧ ಗಂಟೆ ಮೊದಲೇ ಬನ್ನಿ, ಬಲೆಯಾಚೆ ಪಾರ್ಕಿಂಗ್ ಜಾಗದಲ್ಲಿ ಮಾಡಿ.

ಬೆಂಗಳೂರಿನ ಗೌತಮಪುರದ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು, "ಬರಿಗಾಲಲ್ಲಿ ಆಡಿದೋರಿಗೆ ಯಾವ ಸೈನ್ಸ್ ಇತ್ತಮ್ಮಾ?" ಪೆಲೆಗೆ ಪ್ರತಿಮೆ ನಿಲ್ಲಿಸಿದ ಬೀದಿ ಅದು, ಆ ಮಾತಿಗೆ ತೂಕ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತರೂ ನಮ್ಮ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಆ ತಂಡದ ಬಹುತೇಕರು ಬರಿಗಾಲಲ್ಲೇ ಆಡಿದವರು. ಅಂಥವರ ಹೆಸರು ನಮಗೆ ಗೊತ್ತಿದೆ, ಯಾಕೆಂದರೆ ಅವರ ಮಂಡಿ ಉಳಿಯಿತು. ಹದಿನೈದಕ್ಕೇ ಕಾಲು ಕೈಕೊಟ್ಟು ಆಟ ಬಿಟ್ಟವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಅದನ್ನೇ ನಾನು ಅವರಿಗೂ ಹೇಳಿದೆ. ತಮ್ಮ ಜೊತೆ ಆಡುತ್ತಿದ್ದ ಮೂವರ ಹೆಸರು ಅವರೇ ಹೇಳಿದರು.

ಸಂಬಳದ ಮಾತು ಮುಚ್ಚಿಡಲ್ಲ. ಶುರುವಿನಲ್ಲಿ ಕಡಿಮೆ, ಎಂಜಿನಿಯರಿಂಗ್ ಮಾಡಿದ ಅಕ್ಕಪಕ್ಕದ ಹುಡುಗರಿಗೆ ಹೋಲಿಸಬೇಡಿ. ಅದು ಬದಲಾಗಬೇಕಾದರೆ ಸ್ಕೂಲುಗಳು, ಅಕಾಡೆಮಿಗಳು ದುಡ್ಡು ಬಿಚ್ಚಬೇಕು. ಲಕ್ಷಗಟ್ಟಲೆ ಸುರಿದು ಟರ್ಫ್ ಹಾಸುವವರಿಗೆ ಒಬ್ಬ ಸ್ಪೋರ್ಟ್ಸ್ ಸೈಂಟಿಸ್ಟ್ ಭಾರವೇ? ಒಬ್ಬರಿಗೆ ಆಗದಿದ್ದರೆ ಮೂರು ಸ್ಕೂಲು ಸೇರಿ ಒಬ್ಬರನ್ನು ಇಟ್ಟುಕೊಳ್ಳಿ. ಅಪ್ಪ-ಅಮ್ಮಂದಿರು ಫೀಸ್ ಕಟ್ಟುವಾಗ ಜೆರ್ಸಿ ಬಣ್ಣ ಕೇಳುವ ಮೊದಲು ಇದನ್ನು ಕೇಳಿ: ನಮ್ಮ ಮಗುವಿನ ಎತ್ತರ ಯಾರು ಬರೆದಿಡುತ್ತಾರೆ, ಮಂಡಿ ನೋವು ಅಂದರೆ ಯಾರು ಆಟ ನಿಲ್ಲಿಸುತ್ತಾರೆ?

ಸೀಟು ಸಿಗುವವರೆಗೆ ನಿಮ್ಮ ಹುಡುಗ ಮನೇಲಿ ಕೂರೋದು ಬೇಡ. ಹತ್ತಿರದ ಗ್ರೌಂಡಿಗೆ ಹೋಗಿ, ಅಲ್ಲಿನ ಕೋಚನ್ನು ಕೇಳಿಕೊಂಡು, ಚಿಕ್ಕ ಮಕ್ಕಳ ಆ ನೋಟ್‌ಬುಕ್ ಶುರು ಮಾಡಲಿ. ಏನು ಬರೆಯಬೇಕು, ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಲಿ, ನಾನು ಹೇಳಿಕೊಡುತ್ತೇನೆ.